ಎಣ್ಣೆ ವಾಸನೆಯ ಎಡಗೈ

ಇವತ್ತು ಗಾಣದ ಅಂಗಡಿಯಲ್ಲಿ ಕುಸುಬಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅಪ್ಪನ ಎಡ ಅಂಗೈಗೆ ಇದೇ ವಾಸನೆ ಇತ್ತು.

ಅಪ್ಪ ಅಫಜಲಪುರದ ಎಣ್ಣೆ ಗಿರಣಿಯಲ್ಲಿ ದುಡಿಯುತ್ತಿದ್ದ. ದಿನಾ ಮುಂಜಾನೆ ಜಳಕ ಮಾಡಿ, ಕೊರಳಿನ ವಸ್ತ್ರ ಬಿಚ್ಚಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡುತ್ತಿದ್ದ. ಅದಾಗುವ ತನಕ ಚಹಾ ಸಹ ಮುಟ್ಟುತ್ತಿರಲಿಲ್ಲ. ಎಷ್ಟು ತಿಕ್ಕಿ ತೊಳೆದರೂ ಎಣ್ಣೆ ವಾಸನೆ ಹೋಗುತ್ತಿರಲಿಲ್ಲ. "ದೇವರಿಗೂ ರೂಢಿ ಆಗೇದ ಬಿಡು" ಅಂತ ನಗುತ್ತಿದ್ದ.

ಒಂದು ದಿನ ಗಿರಣಿಯ ಗಾಲಿ ತಿರುಗಿಸುವ ಪಟ್ಟಾ ಆ ಕೈಯನ್ನು ಎಳೆದುಕೊಂಡಿತು. ಕೈ ಮಣಿಕಟ್ಟಿನ ತನಕ ಹೋಯಿತು.

ನೋಡಲು ಬಂದವರೆಲ್ಲ ಒಂದೇ ಮಾತು ಅಂದರು: "ಹೋಗಿದ್ದು ಎಡಗೈ ಅಲ್ಲೇನ್ರಿ, ಬಲಗೈ ಉಳೀತಲ್ಲ, ಪುಣ್ಯಾ ಮಾಡೀರಿ." ಮಾಲಕನೂ ಅದನ್ನೇ ಅಂದು, ಆ ಕೆಲಸಕ್ಕೆ ಬೇರೆಯವನನ್ನು ಇಟ್ಟುಕೊಂಡ.

ಗಾಯ ಮಾಯ್ದ ಮೇಲೆ ಒಂದು ಮುಂಜಾನೆ ಜಳಕ ಮಾಡಿ ಮಣೆಯ ಮೇಲೆ ಕೂತ. ಲಿಂಗ ಬಲಗೈಯಲ್ಲಿತ್ತು. ಇಡಲು ಅಂಗೈ ಇರಲಿಲ್ಲ. ಅವ್ವ ತನ್ನ ಕೈ ಚಾಚಿ, "ಇಲ್ಲಿ ಇಡ್ರಿ" ಅಂದಳು.

"ಒಬ್ಬರ ಲಿಂಗ ಇನ್ನೊಬ್ಬರು ಹಿಡಿಯೂದಲ್ಲ" ಅಂದು ಅಪ್ಪ ಅದನ್ನು ಮತ್ತೆ ವಸ್ತ್ರದಲ್ಲಿ ಕಟ್ಟಲು ನೋಡಿದ. ಗಂಟು ಹಾಕಲೂ ಎರಡು ಕೈ ಬೇಕಿತ್ತು. ಅವ್ವನೇ ಹಾಕಿದಳು. ಆ ಗಂಟನ್ನು ಅಪ್ಪ ಮತ್ತೆಂದೂ ಬಿಚ್ಚಲಿಲ್ಲ.

ಮರುದಿನ ಎದ್ದವನೇ ಚಹಾ ಕೇಳಿದ.

ಇವತ್ತು ಗಾಣದ ಅಂಗಡಿಯವ ಬಲಗೈಯಿಂದ ಎಣ್ಣೆ ಡಬ್ಬಿ ಚಾಚಿದ. ಎಡಗೈ ತಿರುಗುವ ಗಾಣದ ಹತ್ತಿರವೇ ಇತ್ತು. ನಾನು ಡಬ್ಬಿ ಹಿಡಿಯಲಿಲ್ಲ.

"ಮೊದಲು ಆ ಕೈ ತೆಗೀರಿ" ಅಂದೆ.