ಬರ್ತೀನಿ ಅಂದ ಆನೆ

ಚಂದ್ರಾ ಲೇಔಟಿನಲ್ಲಿ ನನ್ನದೊಂದು ಡಿವಿಡಿ ಅಂಗಡಿ ಇತ್ತು. ಅಂಗಡಿ ಈಗಲೂ ಇದೆ, ಡಿವಿಡಿ ಇಲ್ಲ. ಜೆರಾಕ್ಸ್ ಹೊಡೆಯುತ್ತೇನೆ, ಮೊಬೈಲ್ ಕವರ್ ಮಾರುತ್ತೇನೆ. ಹೆಸರು ನಾರಾಯಣ, ಬೀದಿಗೆಲ್ಲ ನಾಣಿ. ಹೇಳಹೊರಟಿರುವುದು ನನ್ನ ಕತೆಯಲ್ಲ, ಎದುರು ಮನೆಯ ಬಸವರಾಜೇಶ್ವರಿ ಟೀಚರ್ ಕತೆ. ಅವರ ಒಂದೇ ಒಂದು ಮಾತಿನಿಂದ ನಾನು ಪಟ್ಟ ಪಾಡು ನಾಯಿಗೂ ಬೇಡ.

ಟೀಚರ್ ಹರಿಹರದ ಕಡೆಯವರು. ಮದುವೆಯಾಗಿ ಇಲ್ಲಿಗೆ ಬಂದು, ಹೊಸಹಳ್ಳಿಯ ಒಂದು ಪ್ರೈಮರಿ ಶಾಲೆಯಲ್ಲಿ ಕನ್ನಡ ಕಲಿಸಿ ರಿಟೈರ್ ಆದವರು. ಆಳು ಗುಬ್ಬಿಯಷ್ಟು, ಗಂಟಲು ಮಾತ್ರ ಊರಿಗೆಲ್ಲ ಆಗುವಷ್ಟು. ಪ್ರಾರ್ಥನೆಯ ಹೊತ್ತಿಗೆ ಮೈಕ್ ಕೆಟ್ಟರೆ ಆ ಶಾಲೆಯಲ್ಲಿ ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲವಂತೆ. ನಮ್ಮ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎಂದು ನನ್ನ ಹೆಂಡತಿ ಅಲಮೇಲುಗೆ ರಸ್ತೆಯಾಚೆಯಿಂದಲೇ ಹೇಳುತ್ತಿದ್ದರು. ಇಡೀ ಬೀದಿ ಒಲೆ ಆರಿಸುತ್ತಿತ್ತು.

ನಾವಿಬ್ಬರೂ ಅಂಗಡಿಯಲ್ಲಿರುವಾಗ ಮಗಳು ತನ್ಮಯಿ ಅವರ ಮನೆಯಲ್ಲಿರುತ್ತಿದ್ದಳು. ಆಗಿನ್ನೂ ಒಂದನೇ ಕ್ಲಾಸು. ನಾನು ಕರೆದರೆ ಬಾರದವಳು ಅವರು ಕೆಮ್ಮಿದರೂ ಓಡುತ್ತಿದ್ದಳು.

ಟೀಚರ್ ಹತ್ತಿರ ಓದಿದ ಗಿರಿರಾಜ್ ಎಂಬವನು ಬಸವೇಶ್ವರನಗರದಲ್ಲಿ ಒಂದು ರೆಕಾರ್ಡಿಂಗ್ ರೂಮು ಇಟ್ಟಿದ್ದ. ಅವನಿಗೆ ಮಕ್ಕಳ ಸಿನಿಮಾವೊಂದನ್ನು ಕನ್ನಡಕ್ಕೆ ಡಬ್ ಮಾಡುವ ಕೆಲಸ ಸಿಕ್ಕಿತು. ಕಂಪ್ಯೂಟರಿನಲ್ಲೇ ಮಾಡಿದ ಆನೆಗಳ ಚಿತ್ರ, ರೆಪ್ಪೆಯ ಕೂದಲೂ ಗಾಳಿಗೆ ಅಲ್ಲಾಡುವಷ್ಟು ಚೆನ್ನಾಗಿ ಮಾಡಿದ್ದರು. ಮೊದಲನೇ ಭಾಗ ಥಿಯೇಟರಿಗೆ ಬಂದು ಓಡಿತ್ತು. ಎರಡನೇ ಭಾಗಕ್ಕೆ ಆ ಯೋಗವಿಲ್ಲ, ನೇರ ಡಿವಿಡಿ. ಎರಡನೇ ಮಗುವಿನ ನಾಮಕರಣದ ಹಾಗೆ, ಮನೆಮಟ್ಟಿಗೆ. ಅದರಲ್ಲಿ ಬರುವ ಅಜ್ಜಿ ಆನೆಗೆ ಗಿರಿರಾಜ್ ಟೀಚರ್ ಧ್ವನಿ ಕೇಳಿದ. ಅವರು ಇಸ್ತ್ರಿ ಸೀರೆ ಉಟ್ಟುಕೊಂಡು ಹೋಗಿ ಆನೆಯಾಗಿ ಬಂದರು.

ಸಿನಿಮಾದ ನಡುವೆ ಅಜ್ಜಿ ಆನೆಗೆ ತನ್ನ ಕಾಲ ಮುಗಿಯಿತೆಂದು ಗೊತ್ತಾಗುತ್ತದೆ. ಮರಿಯ ತಲೆ ಸವರಿ, ಮಂಜಿನೊಳಗೆ ನಡೆದುಹೋಗುತ್ತದೆ. ಸತ್ತಿತು ಎಂದು ಅರ್ಥ. ಗಿರಿರಾಜ್ ಬರೆದುಕೊಟ್ಟಿದ್ದ ಮಾತು, ‘ಹೋಗ್ತೀನಿ ಕಂದ.’ ಟೀಚರ್ ಹೇಳಿದ ಮಾತು, ‘ಬರ್ತೀನಿ ಕಂದ.’

ತಪ್ಪು ಅವರದು ಎಂದು ಹೇಗೆ ಹೇಳಲಿ? ಮನೆ ಬಿಟ್ಟು ಹೊರಡುವಾಗ ‘ಹೋಗ್ತೀನಿ’ ಅನ್ನುವವರು ನಮ್ಮಲ್ಲಿ ಯಾರಿದ್ದಾರೆ? ಕೊತ್ತಂಬರಿ ಸೊಪ್ಪಿಗೆ ಹೋಗುವವರೂ ‘ಬರ್ತೀನಿ’ ಅನ್ನುತ್ತಾರೆ. ಜಗಳವಾಡಿ ಇನ್ನು ಈ ಹೊಸಿಲು ತುಳಿಯುವುದಿಲ್ಲ ಎಂದ ನೆಂಟರೂ ಮೆಟ್ಟಿಲು ಇಳಿಯುವಾಗ ‘ಬರ್ತೀವಿ’ ಅಂದೇ ಇಳಿಯುತ್ತಾರೆ. ಗಿರಿರಾಜನೂ ನಮ್ಮವನೇ, ಅವನ ಕಿವಿಗೂ ಅದು ತಪ್ಪೆನಿಸಲಿಲ್ಲ. ತುಟಿಯ ಚಲನೆ ಹೊಂದಿತೋ ಇಲ್ಲವೋ ಎಂದು ನೋಡೋಣವೆಂದರೆ ಆನೆಯ ಬಾಯಿ ಸೊಂಡಿಲ ಹಿಂದೆ. ಡಿವಿಡಿ ಹೊರಗೆ ಬಂತು.

ಟೀಚರ್ ಮೇಲಿನ ಅಭಿಮಾನಕ್ಕೆ ನಾನು ಒಂದು ಪೆಟ್ಟಿಗೆ ತುಂಬ ತರಿಸಿದೆ. ಚೆನ್ನಾಗಿಯೇ ಹೋಯಿತು. ಆಮೇಲೆ ಹೋದದ್ದೆಲ್ಲ ವಾಪಸು ಬರತೊಡಗಿತು.

“ಸಾರ್, ಇದು ಕಟ್ ಆಗಿದೆ,” ಅಂದರು ನಂದಿನಿ ಲೇಔಟಿನಿಂದ ಬಂದ ಒಬ್ಬ ತಾಯಿ. “ಅಜ್ಜಿ ವಾಪಸ್ ಬರೋ ಸೀನೇ ಇಲ್ಲ.”

“ಅಜ್ಜಿ ಸತ್ತೋಯ್ತು ಮೇಡಂ.”

“ಬರ್ತೀನಿ ಅಂತ ಹೇಳಿ ಹೋಗಿದೆಯಲ್ಲ ಸಾರ್? ಮಗು ಊಟ ಬಿಟ್ಟು ಕಾಯ್ತಾ ಕೂತಿದೆ.”

ಬದಲಿ ಡಿಸ್ಕ್ ಕೊಟ್ಟು ಕಳಿಸಿದೆ. ಮರುದಿನ ಅದನ್ನೂ ಹಿಡಿದುಕೊಂಡು ಬಂದರು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುವ ಹಾಗೆ, ಈ ಕಡೆಯ ತಾಯಂದಿರೆಲ್ಲ ಅದೇ ಮಾತು ಹೇಳಿಕೊಂಡು ನನ್ನ ಅಂಗಡಿಗೆ ಬಂದರು. ಮನೆಗೆ ಹೋದರೆ ತನ್ಮಯಿ. ಸಿನಿಮಾ ಮುಗಿದು ಹೆಸರುಗಳೆಲ್ಲ ಮೇಲೆ ಹೋಗಿ ಪರದೆ ಕಪ್ಪಾದ ಮೇಲೂ ಟಿವಿ ಮುಂದೆ ಕೂತಿರುತ್ತಿದ್ದಳು. “ಮಂಜು ಜಾಸ್ತಿ ಇದೆ ಅಪ್ಪ, ಲೇಟಾಗುತ್ತೆ,” ಅನ್ನುತ್ತಿದ್ದಳು.

ಡಿವಿಡಿ ಕಂಪನಿಯವರಿಗೂ ದೂರು ಹೋಗಿತ್ತು. ಆ ಮಾತನ್ನು ಸರಿಮಾಡಿಕೊಡಿ, ಹೊಸ ಡಿಸ್ಕ್ ಮಾಡಿಸುತ್ತೇವೆ ಎಂದರು. ಗಿರಿರಾಜ್ ಬಂದು ಟೀಚರ್‌ಗೆ ಹೇಳಿದ. ಅದೇ ವಾರ ಟೀಚರ್ ನಮ್ಮ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತರು. ಧ್ವನಿ ಕೆಲವು ತಿಂಗಳಿಂದ ಒಡೆದಿತ್ತು, ಶೀತ ಅಂದುಕೊಂಡಿದ್ದೆವು.

“ಗಂಟಲಲ್ಲಿ ಗಂಟು ಅಂತೆ,” ಅಂದರು. “ಧ್ವನಿಪೆಟ್ಟಿಗೆ ತೆಗೀತಾರಂತೆ ನಾಣಿ. ಬಾಕಿ ಎಲ್ಲಾ ವಾಪಸ್ ಕೊಡ್ತಾರಂತೆ.”

ಅಲಮೇಲು ಅಲ್ಲೇ ಅತ್ತಳು. ಟೀಚರ್ ಅವಳ ಬೆನ್ನು ಸವರಿ, ನಲ್ಲಿ ನೀರು ಬಂದಿದೆ, ಹಿಡಿದಿಟ್ಟೆಯಾ ಎಂದು ಕೇಳಿದರು.

ಸ್ಟುಡಿಯೋಗೆ ಅವರನ್ನು ನನ್ನ ಸ್ಕೂಟರಿನಲ್ಲೇ ಕರೆದುಕೊಂಡು ಹೋದೆ. ಆ ಮಾತು ಸರಿಯಾದರೆ ನನಗೆ ಈ ಕಾಟ ತಪ್ಪುತ್ತದೆ ಎಂಬ ಯೋಚನೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಗಾಜಿನಾಚೆ ಟೀಚರ್ ಮೈಕಿನ ಮುಂದೆ ಕೂತರು. ಪರದೆಯ ಮೇಲೆ ಆನೆ ಮರಿಯ ತಲೆ ಸವರಿತು.

“ಬರ್ತೀನಿ ಕಂದ,” ಅಂದರು.

“ಟೀಚರ್, ಹೋಗ್ತೀನಿ,” ಅಂದ ಗಿರಿರಾಜ್.

“ಗೊತ್ತಪ್ಪ. ನಾನೇ ಅಲ್ವಾ ನಿಂಗೆ ಓದೋದು ಕಲಿಸಿದ್ದು.”

ಆನೆ ಮತ್ತೆ ತಲೆ ಸವರಿತು. ಮತ್ತೆ ‘ಬರ್ತೀನಿ’. ಇನ್ನೊಮ್ಮೆ ಸವರಿತು. ಟೀಚರ್ ‘ಹೋ’ ಎಂದು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡು, ಹೆಡ್‌ಫೋನ್ ತೆಗೆದಿಟ್ಟರು.

“ಗಿರಿ, ಆಪರೇಷನ್‌ಗೆ ಹೊರಟಿರೋಳ ಬಾಯಲ್ಲಿ ಈ ಮಾತು ಆಡಿಸ್ಬೇಡ ಕಣಪ್ಪ. ನಂಗೆ ಭಯ ಆಗುತ್ತೆ.”

ಬಸವರಾಜೇಶ್ವರಿ ಟೀಚರ್‌ಗೆ ಭಯ ಎಂಬುದು ಇದೆ ಎಂದು ನನಗೆ ತಿಳಿದದ್ದೇ ಆಗ. ಗಿರಿರಾಜ್ ಯಂತ್ರ ಆರಿಸಿ, ಎಲ್ಲರಿಗೂ ಕಾಫಿ ತರಿಸಿದ.

ಕಂಪನಿಯವರು ಬೇರೆ ಯಾರನ್ನೋ ಕರೆಸಿ ಅಜ್ಜಿಯ ಮಾತನ್ನೆಲ್ಲ ಹೊಸದಾಗಿ ಹೇಳಿಸಿದರು. ಹೊಸ ಡಿಸ್ಕಿನ ಆನೆ ಅಚ್ಚುಕಟ್ಟಾಗಿ ‘ಹೋಗ್ತೀನಿ’ ಅಂದು ಹೋಯಿತು. ಒಂದು ದೂರೂ ಬರಲಿಲ್ಲ. ಹಳೆಯವನ್ನೆಲ್ಲ ಹಿಂದಕ್ಕೆ ಕಳಿಸಿ ಎಂದರು, ಕಳಿಸಿದೆ. ಒಂದು ಕಡಿಮೆ ಇದೆಯಲ್ಲ ಎಂದು ಫೋನ್ ಮಾಡಿದರು. ಒಡೆದುಹೋಯಿತು ಎಂದೆ. ಅದು ಗಲ್ಲಾಪೆಟ್ಟಿಗೆಯ ಒಳಗೆ ಬಟ್ಟೆ ಸುತ್ತಿಕೊಂಡು ಇತ್ತು.

ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಅವರ ಮಗ ನಾಗಭೂಷಣ್ ಕಾರು ತೆಗೆದು ನಿಲ್ಲಿಸಿದ್ದ. ಟೀಚರ್ ಗೇಟಿನ ಹತ್ತಿರ ಬಗ್ಗಿ, ತನ್ಮಯಿಯ ತಲೆ ಸವರಿ, ಉಳಿದಿದ್ದ ಅಷ್ಟೇ ಧ್ವನಿಯಲ್ಲಿ, “ಬರ್ತೀನಿ ಕಂದ,” ಅಂದರು.

“ಹೋಗ್ಬಾ ಅಜ್ಜಿ,” ಅಂದಳು ಇವಳು, ಏನೂ ಆಗದವಳ ಹಾಗೆ.

ನನಗೆ ಆ ಹಾಳು ಆನೆ ನೆನಪಾಯಿತು. “ಆನೆನೂ ಹಿಂಗೇ ತಲೆ ಸವರಿ...” ಎಂದೆ. “ಬಿಡ್ತು ಅನ್ರೀ,” ಎಂದಳು ಅಲಮೇಲು. ಅಂದೆ. ಅಂಗಡಿಗೆ ಹೋಗಿ ಶಟರ್ ಎತ್ತುವವರೆಗೂ ಅನ್ನುತ್ತಲೇ ಇದ್ದೆ.

ಟೀಚರ್ ಬಂದರು. ಕುತ್ತಿಗೆಯ ತೂತಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಸೆರಗು. ಮೊದಲೇ ಗುಬ್ಬಿ, ಈಗ ಇನ್ನೂ ಸಣ್ಣಗಾಗಿದ್ದರು. ಬೀದಿ ಎಷ್ಟು ತೆಪ್ಪಗಿತ್ತೆಂದರೆ ಲೆಕ್ಕ ಹೇಳುವವರಿಲ್ಲದೆ ಕುಕ್ಕರುಗಳೆಲ್ಲ ಕೂಗಿ ಕೂಗಿ ಅನ್ನ ಮುದ್ದೆಯಾಗುತ್ತಿತ್ತು.

“ನಾನು ಹೇಳ್ಲಿಲ್ವಾ ಅಪ್ಪ, ಬರುತ್ತೆ ಅಂತ,” ಅಂದಳು ತನ್ಮಯಿ. ಆನೆಯ ಮಾತೋ ಟೀಚರ್ ಮಾತೋ ಅವಳು ಬಿಡಿಸಿ ಹೇಳಲಿಲ್ಲ, ನಾನು ಕೇಳಲಿಲ್ಲ.

ಸ್ವಲ್ಪ ಚೇತರಿಸಿಕೊಂಡ ಮೇಲೆ ಒಂದು ಸಂಜೆ ಟೀಚರ್ ತನ್ಮಯಿಯ ಕೈ ಹಿಡಿದುಕೊಂಡು ಅಂಗಡಿಗೆ ಬಂದರು. ಸ್ಟೂಲಿನ ಮೇಲೆ ಕೂತು ಅಲಮೇಲು ಕೊಟ್ಟ ಗಂಜಿ ಕುಡಿದರು. ಕೈಸನ್ನೆಯಲ್ಲೇ ನನ್ನ ಗಡ್ಡಕ್ಕೆ ಬೈದರು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿ ಬಾಗಿಲಿಗೆ ಹೋದರು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಮತ್ತೆ ಒಳಗೆಳೆದುಕೊಂಡರು. ತುಟಿ ಅಲ್ಲಾಡಿತು, ಮಾತಿಲ್ಲ. ಶಟರಿನ ಪಟ್ಟಿ ಹಿಡಿದುಕೊಂಡು ಅಲ್ಲೇ ನಿಂತರು. ಏನು ಬೇಕು, ನೀರಾ, ಆಟೋ ಕರೆಸಲಾ ಎಂದು ನಾನೂ ಅಲಮೇಲೂ ಕೇಳಿದ್ದೇ ಕೇಳಿದ್ದು. ಅವರು ಒಳಕ್ಕೂ ಬರಲಿಲ್ಲ, ಹೊರಕ್ಕೂ ಇಳಿಯಲಿಲ್ಲ.

ತನ್ಮಯಿಗೆ ತಿಳಿಯಿತು. ಗಲ್ಲಾಪೆಟ್ಟಿಗೆಗೆ ಕೈಹಾಕಿ ಡಿಸ್ಕ್ ತೆಗೆದು, ಅಂಗಡಿಯ ಪ್ಲೇಯರಿಗೆ ಹಾಕಿ, ಆ ಜಾಗಕ್ಕೆ ಓಡಿಸಿದಳು. ಟಿವಿಯಲ್ಲಿ ಆನೆ ಮರಿಯ ತಲೆ ಸವರಿತು. ಬೀದಿಗೆಲ್ಲ ಕೇಳುವ ಹಾಗೆ, ಆ ಹಳೆಯ ಗಂಟಲಲ್ಲಿ, “ಬರ್ತೀನಿ ಕಂದ,” ಅಂದಿತು.

ಟೀಚರ್ ತಲೆಯಾಡಿಸಿದರು. ಸೆರಗಿನಿಂದ ಕಣ್ಣೊರೆಸಿಕೊಂಡು ಮೆಟ್ಟಿಲಿಳಿದರು.

“ಹೋಗಿ ಬನ್ನಿ ಟೀಚರ್,” ಅಂದೆ.

ತನ್ಮಯಿ ಈಗ ಪಿಯುಸಿ. ಆ ಗುಂಡಿ ಒತ್ತುವ ಕೆಲಸ ನನ್ನ ಪಾಲಿಗೆ ಬಂದಿದೆ. ಜೆರಾಕ್ಸಿಗೆ ಆಧಾರ್ ಕಾರ್ಡ್ ಹಿಡಿದು ನಿಂತ ಹುಡುಗರು, “ಅಂಕಲ್, ಬೇಗ ಮಾಡಿ, ಈ ಓಬೀರಾಯನ ಕಾಲದ ಪ್ಲೇಯರ್ ಯಾಕೆ ಈಗ?” ಎಂದು ಗೊಣಗುತ್ತಾರೆ.

“ಸ್ವಲ್ಪ ಇರ್ರಪ್ಪ,” ಅನ್ನುತ್ತೇನೆ. “ಟೀಚರ್ ಹೊರಡ್ತಾ ಇದಾರೆ.”