ಆಸ್ಟಿನ್ ಸಭೆಯಲ್ಲಿ ತಂಗಿಯ ಹೆಸರು

ಕರೆಂಟು ಹೋಗುವ ಹಿಂದಿನ ದಿನ ನನ್ನ ತಂಗಿ ವಸುಧಾ, ಟೆಕ್ಸಸ್‌ನ ರಿಚರ್ಡ್‌ಸನ್ ಊರಿನ ತನ್ನ ಮನೆಯಲ್ಲಿ ಆಕ್ಸಿಜನ್ ಯಂತ್ರದ ಪಕ್ಕ ಕೂತು, ಅಮೆರಿಕದ ಅಧ್ಯಕ್ಷ ಹುದ್ದೆಗೆ ಹೊಸದಾಗಿ ನಿಂತ ಅಭ್ಯರ್ಥಿಗೆ ಪತ್ರ ಬರೆದಳು: ಕರೆಂಟು ಹೋದರೆ ನನ್ನಂಥವರು ಉಸಿರಾಡುವುದು ಹೇಗೆ? ಮರುದಿನ ಯಂತ್ರ ನಿಂತಿತು. ಅವಳು ಉಳಿಯಲಿಲ್ಲ.

ಇವತ್ತು ಆ ಅಭ್ಯರ್ಥಿಯ ಪ್ರೈಮರಿ, ಅಂದರೆ ಪಕ್ಷದೊಳಗಿನ ಆಯ್ಕೆಯ, ಪ್ರಚಾರಸಭೆಗೆಂದು ಬಸ್ಸಿನಲ್ಲಿ ಆಸ್ಟಿನ್‌ಗೆ ಬಂದೆ. ವೇದಿಕೆಯಿಂದ ಅವಳ ಕಥೆ ಹೇಳಿದ. ಹೆಸರನ್ನು ನಮ್ಮವರಂತೆಯೇ ಉಚ್ಚರಿಸಿದ, ಯಾರೋ ಕಲಿಸಿರಬೇಕು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

“ಆಂಟಿ, ಒಂಚೂರು ಮುಂದೆ ಬನ್ನಿ, ಕ್ಯಾಮೆರಾ ಇದೆ,” ಎಂದಳು ಪ್ರಚಾರಕ್ಕೆ ದುಡಿಯುವ ಮೈಸೂರಿನ ಹುಡುಗಿ.

“ನನ್ನ ತಂಗಿ ಕೇಳಿದ್ದಕ್ಕೆ ಉತ್ತರ ಎಲ್ಲಿದ್ಯಮ್ಮಾ?”

“ಅವ್ರಿನ್ನೂ ಹೊಸಬ್ರು ಆಂಟಿ, ಸ್ವಲ್ಪ ಟೈಮ್ ಕೊಡಿ.”

“ಚಪ್ಪಾಳೆ ಹೊಡೆಸ್ಕೊಳ್ಳೋದು ಮಾತ್ರ ಆಗ್ಲೇ ಬಂದ್ಬಿಟ್ಟಿದೆ.”

ಆ ಹುಡುಗಿ ಕೊಟ್ಟ ಪ್ರಣಾಳಿಕೆಯನ್ನು ಅಲ್ಲೇ ನಿಂತು ಪೂರ್ತಿ ಓದಿದೆ. ಕರೆಂಟಿನ ಬಗ್ಗೆ ಒಂದು ಸಾಲೂ ಇಲ್ಲ.