ಕಲ್ಲಪ್ಪನ ಡಗ್ಗಾ, ನನ್ನ ದಪ್ಪ ತಂತಿ

ಬೆಳಗಾವಿಯಿಂದ ಬೆಳಿಗ್ಗೆ ಏಳಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಡಬಲ್ ಬೇಸ್‌ಗೂ ಒಂದು ಟಿಕೆಟ್ ಆಯಿತು. ಆಳೆತ್ತರದ ವಾದ್ಯ, ಪಿಟೀಲಿನ ಅಜ್ಜ ಎಂದಿಟ್ಟುಕೊಳ್ಳಿ. ಕರಿ ಹೊದಿಕೆ ಹಾಕಿ ಪಕ್ಕದ ಸೀಟಿಗೆ ಒರಗಿಸಿದ್ದೆ. ಕಂಡಕ್ಟರ್ ತಟ್ಟಿ ನೋಡಿದ.

"ಒಳಗ ಹೆಣಾ ಗಿಣಾ ಇಲ್ಲಲ್ರಿ ಸಾಹೇಬ್ರ?"

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ನಿಪ್ಪಾಣಿಯಲ್ಲಿ ಇಳಿದಾಗ ತಂಬಾಕಿನ ಘಾಟಿಗೆ ಮೂರು ಸೀನು ಬಂದವು. ಮಿಸಳ್ ತಿಂದು ಚಿಕ್ಕೋಡಿಯ ಬಸ್ಸು ಹಿಡಿದೆ. ಅಲ್ಲಿಂದ ಯಡೂರಿನ ಕಡೆಗೆ ಟಂಟಂ ರಿಕ್ಷಾ. ಹೊಲಗಳಲ್ಲಿ ಕಬ್ಬಿನ ರವದಿ, ಅಂದರೆ ಒಣಗಿದ ಗರಿ, ಸುಡುತ್ತಿದ್ದರು. ನೆತ್ತಿಯ ಮೇಲೆ ಬಿಸಿಲಿದ್ದರೂ ಹೊಗೆಯಲ್ಲಿ ಕೃಷ್ಣೆಯ ಆಚೆ ದಡ ಕಾಣುತ್ತಿರಲಿಲ್ಲ.

ನಾನು ಜಾಝ್ ಕಲಿತವನು. ಹೋಟೆಲುಗಳಲ್ಲಿ ನುಡಿಸಿ ಬೇಸತ್ತು, ಇಪ್ಪತ್ತು ವರ್ಷಗಳಿಂದ ರಾಜಸ್ಥಾನದ ಹಾಡುಗಾರರು, ಆಫ್ರಿಕಾದ ಡೋಲಿನವರು, ತತ್ವಪದದವರು ಎಂದು ಕರೆದವರ ಬೆನ್ನು ಹತ್ತಿ ತಿರುಗುತ್ತಿದ್ದೇನೆ. ಹಾಡಿನಲ್ಲಿ ಎಲ್ಲಿ ಜಾಗ ಖಾಲಿ ಕಂಡರೂ ಅಲ್ಲಿ ನೀನಿರಬೇಕು ಎಂದು ನನ್ನ ಗುರು ತಲೆಗೆ ತುಂಬಿದ್ದರು. ಈ ಸಲ ಕರೆದವರು ಹೊಳೆದಂಡೆಯ ಒಂದು ಭಜನಾ ಮೇಳದ ಶಿವಗೌಡರು. ಹಾರ್ಮೋನಿಯಂ ಅವರದು.

ಮಧ್ಯಾಹ್ನ ಮಠದ ಪಡಸಾಲೆಯಲ್ಲಿ ಭಜನೆ ಶುರುವಾಯಿತು. ನಲವತ್ತರ ಮಹಾದೇವ ಬಲಗೈಯಲ್ಲಿ ತಬಲಾ ಮಾತ್ರ ಬಾರಿಸುತ್ತಿದ್ದ. ಎಡಕ್ಕೆ ಯಾರೂ ಕೂರದ ಚಾಪೆ, ಅದರ ಮೇಲೆ ವಿಭೂತಿ ಹಚ್ಚಿದ ಡಗ್ಗಾ, ತಬಲಾ ಜೋಡಿಯ ದಪ್ಪ ದನಿಯ ಎಡವಾದ್ಯ. ಸಾಲು ಮುಗಿದಾಗಲೆಲ್ಲ ಎಲ್ಲರೂ ಒಂದು ಪೆಟ್ಟಿನಷ್ಟು ಹೊತ್ತು ಸುಮ್ಮನಾಗುತ್ತಿದ್ದರು. ಅಭ್ಯಾಸಬಲ ನೋಡಿ, ಆ ಜಾಗಕ್ಕೆ ನಾನು ದಪ್ಪ ತಂತಿ ಮೀಟಿಬಿಟ್ಟೆ.

ಯಾರೂ ಮುಟ್ಟದ ಡಗ್ಗಾ ಗುಂಯ್ ಎಂದಿತು. ಹಾಡು ನಿಂತಿತು.

"ಆ ಜಾಗಾ ತುಂಬಬಾರ್ದ್ರಿ," ಎಂದರು ಶಿವಗೌಡರು. "ಡಗ್ಗಾ ಕಲ್ಲಪ್ಪಂದು. ಅಂವ ಹೋಗಿ ಇವತ್ತಿಗೆ ವರ್ಷಾತು. ವರ್ಷ ತುಂಬೂ ತನಕ ಅಂವನ ಪೆಟ್ಟು ಅಂವಗ ಬಿಟ್ಟಿರ್ತೀವಿ."

ಅಂದು ಭಜನೆ ಮುಗಿದ ಮೇಲೆ ಕಲ್ಲಪ್ಪನ ಹೆಂಡತಿ ಗಂಗವ್ವ ಡಗ್ಗಾವನ್ನು ಮಹಾದೇವನಿಗೆ ಒಪ್ಪಿಸಬೇಕಿತ್ತು. ಆಕೆ ಕಂಬಕ್ಕೆ ಒರಗಿ ಕುಳಿತಿದ್ದಳು.

"ಅಂವ ಹೂಂ ಅನ್ನದ ನಾ ಹೆಂಗ ಕೊಡ್ಲಿ?" ಎಂದು ನನ್ನತ್ತ ತಿರುಗಿದಳು. "ಈಗ ದನಿ ಮಾಡಿದ್ದು ನೀವೋ, ಅಂವನೋ?"

ನಾಚಿಕೆಯಿಂದ ನನ್ನ ಮುಖ ತಗ್ಗಿತು. "ನಾನೇ ತಾಯಿ," ಎಂದೆ. ಒಂದು ವಾದ್ಯ ನುಡಿದರೆ ಅದೇ ಶ್ರುತಿಯ ಇನ್ನೊಂದು ವಾದ್ಯ ತಾನಾಗಿ ಗುಂಯ್‌ಗುಡುತ್ತದೆ ಎಂದು ಬಿಡಿಸಿ ಹೇಳಿದೆ. ಆಕೆಯ ಮುಖ ಬಾಡಿತು. ಹೇಳಬಾರದಿತ್ತು ಅನ್ನಿಸಿತು.

"ಹಂಗಾದ್ರ ಅದನ್ನ ಮಲಗಿಸ್ರಿ. ಎರಡೂ ಕೈ ನನಗ ಕಾಣೂ ಹಂಗ ಇಡ್ರಿ," ಎಂದಳು.

ಬೇಸನ್ನು ಜಮಖಾನೆಯ ಮೇಲೆ ಮಲಗಿಸಿ ಕೈಗಳನ್ನು ಮೊಣಕಾಲ ಮೇಲಿಟ್ಟೆ. ಮತ್ತೆ ಹಾಡಿದರು. ಮೊದಲ ಸಾಲು ಮುಗಿದು ಎಲ್ಲರೂ ಸುಮ್ಮನಾದಾಗ ಡಗ್ಗಾ ಮಿಸುಕಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯ ಸಾಲಿನ ಕೊನೆಗೆ ನನ್ನ ಬೇಸ್ ಗುಂಯ್ ಎಂದಿತು. ಸರಿಯಾಗಿ ಪೆಟ್ಟು ಬೀಳಬೇಕಾದಲ್ಲೇ ದಪ್ಪ ತಂತಿ ನಡುಗುತ್ತಿತ್ತು. ಅದನ್ನು ನಡುಗಿಸಿದ ಸದ್ದು ಮಾತ್ರ ನಮ್ಮಲ್ಲಿ ಯಾರಿಗೂ ಕೇಳಿರಲಿಲ್ಲ.

ಗಂಗವ್ವ ನನ್ನ ಕೈಗಳನ್ನು ನೋಡಿದಳು. ಎದ್ದು ಡಗ್ಗಾ ಎತ್ತಿ ಮಹಾದೇವನ ತೊಡೆಯ ಮೇಲಿಟ್ಟಳು.

"ತಗೋಪಾ. ಹೂಂ ಅಂದಾನ." ಆಮೇಲೆ ನನಗೆ ಹೇಳಿದಳು: "ನೀವು ಅಂವನ ಜಾಗಾ ತುಂಬಿದ್ರಿ, ಅಂವ ನಿಮ್ಮದು ತುಂಬ್ಯಾನ."

ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಸಂಜೆ ಐದಕ್ಕೆ ಚಿಕ್ಕೋಡಿಯ ಬಸ್ಸು ಬಂತು. ತಗ್ಗುಗಳಲ್ಲಿ ಅದು ಕುಲುಕಿದಾಗಲೆಲ್ಲ ಪಕ್ಕದ ಸೀಟಿನ ಕರಿ ಹೊದಿಕೆಯ ಮೇಲಿಂದಲೇ ತಂತಿಯನ್ನು ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದೆ.

"ಎಷ್ಟ ಮಂದಿ ಅದೀರಿ?" ಎಂದು ಕೇಳಿದ ಕಂಡಕ್ಟರ್.

"ಇಬ್ಬರು," ಎಂದೆ.